ಮೆಳ್ಳೆಗಣ್ಣಿನ ಸಿಪಾಯಿ

ತೇವದ ಹವೆಯಲ್ಲಿ ಸ್ಪ್ರೇ ವಾರ್ನಿಷ್ ಡಬ್ಬ ಮುಟ್ಟಬಾರದು ಅನ್ನುವುದು ನಮ್ಮ ಬ್ಯಾಟ್ಲಿ ಊರಿನ, ಆಟಿಕೆ ಸಿಪಾಯಿಗಳ ಯುದ್ಧದಾಟದ ಕ್ಲಬ್ಬಿಗೆ ನಿನ್ನೆ ಮೊನ್ನೆ ಸೇರಿದವನಿಗೂ ಗೊತ್ತು. ಹಾಗಿರುವಾಗ ನೆವಿಲ್ ಓಲ್ಡ್‌ರಾಯ್ಡನಿಗೆ ಗೊತ್ತಿರಲಿಲ್ಲವೇ? ಹೊಸಬರನ್ನು ಕೂರಿಸಿಕೊಂಡು, ಮಳೆ ಹನಿಯುವಾಗ ವಾರ್ನಿಷ್ ಹೊಡೆದರೆ ಬಣ್ಣದ ಮೇಲೆ ಬಿಳಿ ಬೂಷ್ಟು ಕಟ್ಟಿಕೊಳ್ಳುತ್ತದೆ, ವರ್ಷದ ಕೆಲಸ ನೀರುಪಾಲಾಗುತ್ತದೆ ಎಂದು ಪಾಠ ಹೇಳುತ್ತಿದ್ದವನೇ ಅವನು. ಹೇಳುವ ಬಾಯಿಗೇನು, ಹೇಳುತ್ತದೆ. ಕೈ ಮಾಡಿದ್ದೇ ಬೇರೆ.

ನೆವಿಲ್ ಬಸ್ ಓಡಿಸಿ ನಿವೃತ್ತನಾದವನು. ಮದುವೆ ಗಿದುವೆ ಅಂತ ಆದವನಲ್ಲ. ಅವನ ಸಂಸಾರವೆಲ್ಲ ಪ್ರಷ್ಯಾದ ನೀಲಿ ಕೋಟಿನ ಸೈನ್ಯ. ಹೆಬ್ಬೆರಳೆತ್ತರದ ಸೀಸದ ಸಿಪಾಯಿಗಳು, ಮೂರು ಮೂಲೆಯ ಟೋಪಿ, ಎದೆಗೆ ಅಡ್ಡಪಟ್ಟಿ, ಮೊಣಕಾಲವರೆಗೆ ಕರಿ ಕಾಲುಪಟ್ಟಿ, ಒಬ್ಬೊಬ್ಬನ ಗುಂಡಿಯನ್ನೂ ಬಿಡದೆ ಬಣ್ಣ ಬಳಿದು ಗಾಜಿನ ಬೀರುವಿನಲ್ಲಿ ನಿಲ್ಲಿಸಿದ್ದ. ಎದುರು ಪಕ್ಷ, ಅಂದರೆ ಆಸ್ಟ್ರಿಯಾದ ಬಿಳಿ ಕೋಟಿನವರು, ಸೆಲ್ವಿನ್ ಕ್ರಾಬ್‌ಟ್ರೀಯ ಸ್ವತ್ತು. ಸೆಲ್ವಿನ್ ಮಾರ್ಕೆಟ್ ಬೀದಿಯ ಕಟುಕ. ಬಾಳೆಕಾಯಿಯಂಥ ಬೆರಳು. ಆ ಬೆರಳಲ್ಲಿ ಕೂದಲೆಳೆಯಂಥ ಕುಂಚ ಹಿಡಿದು ಅವನು ಸಿಪಾಯಿಗಳಿಗೆ ಕಣ್ಣು ಬರೆಯುತ್ತಿದ್ದ. ಬಿಳಿ ಚುಕ್ಕೆ, ಅದರೊಳಗೆ ಕಪ್ಪು ಚುಕ್ಕೆ. ನೆವಿಲ್ ಕಣ್ಣು ಬರೆಯುವವನಲ್ಲ. ಮೇಜಿನ ಆಚೆಯಿಂದ ನೋಡಿದರೆ ಯಾರ ಕಣ್ಣೂ ಕಾಣುವುದಿಲ್ಲ, ಹುಬ್ಬಿನ ಕೆಳಗೆ ಒಂದು ನೆರಳು ಸಾಕು ಅನ್ನುವ ಪಂಗಡ. ನಗಬೇಡಿ, ನಮ್ಮಲ್ಲಿ ಈ ಕಣ್ಣಿನ ವಿಷಯಕ್ಕೆ ಮಾತು ಬಿಟ್ಟವರಿದ್ದಾರೆ.

ಇನ್ನೊಂದು ಜಗಳ ಹೊಳಪಿನದು. ಸೆಲ್ವಿನ್ ಹಳೇ ಕಾಲದವನಂತೆ ಕುಂಚದಲ್ಲಿ ಹೊಳಪಿನ ವಾರ್ನಿಷ್ ಬಳಿಯುತ್ತಿದ್ದ. ಅವನ ಸೈನ್ಯ ದೀಪದ ಕೆಳಗೆ ಮಿರಮಿರ ಮಿಂಚುತ್ತಿತ್ತು. “ಯುದ್ಧಕ್ಕೆ ಬಂದಿದಾರೋ, ಬೆಣ್ಣೆ ಹಚ್ಕೊಂಡು ಬಂದಿದಾರೋ?” ಎಂದು ನೆವಿಲ್ ಕೆಣಕುವನು. “ನಿನ್ನೋರು ಸ್ನಾನ ಮಾಡಿ ಎಷ್ಟು ದಿನ ಆಯ್ತು, ಅದು ಹೇಳು ಮೊದ್ಲು” ಎಂದು ಸೆಲ್ವಿನ್ ತಿರುಗಿಸುವನು. ನೆವಿಲನದು ಸ್ಪ್ರೇ ಡಬ್ಬದ ಹೊಳಪಿಲ್ಲದ ವಾರ್ನಿಷ್. ಹೀಗೆ ಒಬ್ಬರನ್ನೊಬ್ಬರು ಹಂಗಿಸಿಕೊಂಡೇ ಇಬ್ಬರ ತಲೆಯೂ ನರೆತಿತ್ತು.

ಎಲ್ಲಕ್ಕಿಂತ ದೊಡ್ಡ ತಮಾಷೆ ಮೆಳ್ಳೆಗಣ್ಣಿನದು. ಬಹಳ ಹಿಂದೆ ಒಂದು ಆಟದಲ್ಲಿ ನೆವಿಲ್ ಫಿರಂಗಿ ಹಾರಿಸಬೇಕಾಗಿತ್ತು. ನಮ್ಮ ನಿಯಮದಲ್ಲಿ ಗುಂಡು ಎಷ್ಟು ದೂರ ಹೋಗುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಬೇಕು, ಆಮೇಲೆ ಪಟ್ಟಿ ಹಿಡಿದು ಅಳೆಯುತ್ತೇವೆ. ನೆವಿಲನ ಕಣ್ಣಳತೆ ಎಷ್ಟು ಕೆಟ್ಟಿತೆಂದರೆ ಗುಂಡು ಅವನದೇ ಕುದುರೆ ಪಡೆಯ ನಡುಮಧ್ಯೆ ಬಿತ್ತು. ಅವತ್ತಿನಿಂದ ಸೆಲ್ವಿನ್ ತಾನು ಬರೆಯುವ ಪ್ರತಿ ಪಟಾಲಮ್ಮಿನಲ್ಲೂ ಒಬ್ಬನಿಗೆ ಮೆಳ್ಳೆಗಣ್ಣು ಬರೆದು, ಅವನಿಗೆ ನೆವಿಲ್ ಎಂದು ಹೆಸರಿಟ್ಟುಬಿಡುತ್ತಿದ್ದ. ಒಂದೊಂದರಲ್ಲಿ ಒಂದೊಂದು ಥರ: ಒಮ್ಮೆ ಎರಡು ಕಣ್ಣೂ ಮೂಗಿನ ಕಡೆಗೆ, ಒಮ್ಮೆ ಒಂದು ಆಕಾಶಕ್ಕೆ ಒಂದು ಬೂಟಿಗೆ. ಹೊಸ ಪಟಾಲಮ್ಮು ಮೊದಲ ಸಲ ಮೇಜಿಗೆ ಬಂದ ದಿನ ನೆವಿಲ್ ಬಗ್ಗಿ ಬಗ್ಗಿ ಅವನನ್ನು ಹುಡುಕಬೇಕು, ಹುಡುಕಿ ಸೆಲ್ವಿನ್‌ನ ಜನ್ಮ ಜಾಲಾಡಬೇಕು. ಆ ಮೆಳ್ಳೆಗಣ್ಣ ಯಾವಾಗಲೂ ಹಿಂದಿನ ಸಾಲಿನ ತುದಿಯವನೋ, ಕೊಡಲಿ ಹೊತ್ತು ದಾರಿ ಕಡಿಯುವವನೋ, ತಮಟೆಯವನೋ. ನೆವಿಲನಿಗೆ ಅದಕ್ಕಿಂತ ಮೇಲಿನ ಹುದ್ದೆ ಯಾವತ್ತೂ ಸಿಗಲಿಲ್ಲ.

ಫೆಬ್ರವರಿಯಲ್ಲಿ ಸೆಲ್ವಿನ್ ಅಂಗಡಿಯಲ್ಲೇ ಕುಸಿದುಬಿದ್ದ. ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಆ ಚಳಿಗಾಲವೆಲ್ಲ ಕೂತು ಬರೆದಿದ್ದ ಹೊಸ ಪಟಾಲಮ್ಮು ವಾರ್ನಿಷ್ ಒಂದನ್ನು ಬಿಟ್ಟು ಮುಗಿದಿತ್ತು.

ಮೇ ಕೊನೆಯ ಶನಿವಾರ ನಮ್ಮ ವರ್ಷದ ದೊಡ್ಡ ಆಟ. ಆ ವಾರದ ಗುರುವಾರ ಬೆಳಿಗ್ಗೆ ಸೆಲ್ವಿನ್‌ನ ಹೆಂಡತಿ ಮ್ಯೂರಿಯಲ್ ಒಂದು ಬಿಸ್ಕತ್ತಿನ ಪೆಟ್ಟಿಗೆ ಹಿಡಿದುಕೊಂಡು ನೆವಿಲನ ಬಾಗಿಲು ತಟ್ಟಿದಳು.

“ಶನಿವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಅವನ್ನ ಆಸ್ಪತ್ರೆಯಿಂದ ಕರ್ಕೊಂಡು ಹೋಗಿ ಅಂದಿದಾರೆ ಡಾಕ್ಟ್ರು. ಗಾಲಿಕುರ್ಚಿ ಕೊಡ್ತಾರಂತೆ” ಎಂದಳು.

“ಮಾತು ಏನಾದ್ರೂ ಬಂತಾ?”

“ಮೂರು ಬರುತ್ತೆ. ಬೇಡ, ಟೀ, ಮುಂಡೇದೇ. ಆ ಮೂರನೇದು ಎಷ್ಟು ಸ್ಪಷ್ಟ ಅಂತೀಯ, ನರ್ಸ್ ಮುಂದೆ ನನಗೆ ತಲೆ ಎತ್ತಕ್ಕಾಗಲ್ಲ.” ನಗಲು ಹೋದಳು, ಆಗಲಿಲ್ಲ. “ಚಿಕ್ಕದೇನೂ ಕಾಣಲ್ಲ ಅವನಿಗೆ, ನೆವಿಲ್. ನನ್ನ ಮುಖ ಗೊತ್ತಾಗುತ್ತೆ, ಪೇಪರ್ ಹಿಡಿದ್ರೆ ಸುಮ್ನೆ ನೋಡ್ತಾ ಕೂತ್ಕೋತಾನೆ. ಕೈ ಮಾತ್ರ ಇನ್ನು ವಾಪಸ್ ಬರಲ್ಲ ಅಂತ ಹೇಳಿಬಿಟ್ರು. ಇವೇ ಅವನ ಕೊನೇ ಸಿಪಾಯಿಗಳು.”

ಪೆಟ್ಟಿಗೆ ಮೇಜಿನ ಮೇಲಿಟ್ಟಳು. ನೆವಿಲ್ ಅದನ್ನು ಮುಟ್ಟಲಿಲ್ಲ. ಒಬ್ಬನ ಸಿಪಾಯಿಗೆ ಇನ್ನೊಬ್ಬ ಕುಂಚ ತಾಗಿಸುವುದು ನಮ್ಮಲ್ಲಿ ಇಲ್ಲ. ಅದು ಇನ್ನೊಬ್ಬನ ತಟ್ಟೆಯಿಂದ ತಿಂದ ಹಾಗೆ.

“ಅವನ್ನ ಕೇಳಿದ್ಯಾ?”

“ಪೆಟ್ಟಿಗೆ ತೋರಿಸಿ, ವಾರ್ನಿಷ್ ನೆವಿಲ್ ಹತ್ರ ಮಾಡಿಸ್ಲಾ ಅಂದೆ. ಬೇಡ ಅನ್ಲಿಲ್ಲ. ಟೀ ಅಂದ.”

“ಟೀ ಅಂದ್ರೆ ಹೂಂ ಅಂತಾನಾ?”

“ಹಂಗಂತಲೇ ಅಂದ್ಕೋಬೇಕಪ್ಪ ಈಗ” ಎಂದಳು ಮ್ಯೂರಿಯಲ್. “ವಾರ್ನಿಷ್ ಇಲ್ದೆ ಮೇಜಿಗಿಡೋದು ಅಂದ್ರೆ ಚಡ್ಡಿ ಇಲ್ದೆ ಚರ್ಚಿಗೆ ಹೋದಂಗೆ ಅಂತ ಬಡ್ಕೋತಿದ್ದನಲ್ಲ. ಹೇಗಾದ್ರೂ ಮಾಡಿ ಶನಿವಾರಕ್ಕೆ ಅವನೆದುರು ನಿಲ್ಲಿಸಿಬಿಡು. ನಿನ್ನ ಬೈಗುಳ ಕೇಳಬೇಕು ಅಂತ ಇದೆ ಅವನಿಗೆ, ನನಗೆ ಗೊತ್ತು.”

ಪೆಟ್ಟಿಗೆಯಲ್ಲಿ ಎರಡು ಸಾಲು ಬಿಳಿ ಕೋಟಿನವರು, ಕೆಂಪು ತೋಳುಪಟ್ಟಿ, ಬಾವುಟದವನು, ತಮಟೆಯವನು, ಕಂದು ಕುದುರೆಯ ಮೇಲೆ ಕರ್ನಲ್. ಪಕ್ಕದಲ್ಲೇ ಸೆಲ್ವಿನ್‌ನ ಹೊಳಪಿನ ವಾರ್ನಿಷ್ ಡಬ್ಬಿ, ಅವನ ಕುಂಚ. ಸುಮ್ಮನೆ ಅದನ್ನೇ ಬಳಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕುಂಚದ ವಾರ್ನಿಷ್ಷಿಗೆ ತೇವದ ಭಯವಿಲ್ಲ. ಆದರೆ ಮನುಷ್ಯನ ತಲೆ ನೋಡಿ. ಇಷ್ಟು ಚೆಂದದ ಕೆಲಸವನ್ನು ಆ ಮಿರಮಿರ ಹೊಳಪಿನಲ್ಲಿ ಮುಳುಗಿಸುವುದೇ ಎಂದು ನೆವಿಲನಿಗೆ ಹೊಟ್ಟೆ ಉರಿಯಿತು. ಒಂದೇ ಒಂದು ಸಲ ಹೊಳಪಿಲ್ಲದೆ ಇರಲಿ, ಸೆಲ್ವಿನ್‌ನ ಕೈಚಳಕ ಏನು ಅಂತ ಕ್ಲಬ್ಬಿನವರೆಲ್ಲ ನೋಡಲಿ ಎಂದುಕೊಂಡ. ಪ್ರೀತಿಯೇ ಅದು, ಸುಳ್ಳಲ್ಲ. ಅದರಲ್ಲಿ ಗೆಲ್ಲುವ ಆಸೆಯೂ ಚೂರು ಬೆರೆತಿತ್ತು. ಅದೂ ಸುಳ್ಳಲ್ಲ.

ಹೊರಗೆ ಬೆಟ್ಟದ ಕಡೆಯಿಂದ ಜಿನುಗು ಮಳೆ ಶುರುವಾಗಿತ್ತು. ಶುಕ್ರವಾರವೂ ಹೀಗೇ ಎಂದು ರೇಡಿಯೋದವನು ಹೇಳಿದ್ದ. ಶೆಡ್ಡಿನಲ್ಲಿ ಒಂದು ಹೀಟರ್ ಹಚ್ಚಿದರೆ ಆಯಿತು ಎಂದು ನೆವಿಲ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಿಪಾಯಿಗಳನ್ನು ಹಲಗೆಯ ಮೇಲೆ ನಿಲ್ಲಿಸುವಾಗ ಇನ್ನೊಂದು ಕೆಲಸ ಮಾಡಿದ. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. ಯಾಕೆಂದರೆ ಇವರಲ್ಲೊಬ್ಬ ಮೆಳ್ಳೆಗಣ್ಣನಿದ್ದಾನೆ. ಈಗಲೇ ಕಣ್ಣಿಗೆ ಬಿದ್ದುಬಿಟ್ಟರೆ ಮೋಸ. ಅವನನ್ನು ಶನಿವಾರ, ಸೆಲ್ವಿನ್‌ನ ಎದುರಿಗೇ, ಬಗ್ಗಿ ಬಗ್ಗಿ ಹುಡುಕಬೇಕು.

ಡಬ್ಬ ಕುಲುಕಿದ, ಹೊಡೆದ. ಕೋಟುಗಳು ಮೊದಲೇ ಬಿಳಿ. ಕನ್ನಡಕವಿಲ್ಲದ ಕಣ್ಣಿಗೆ ಏನು ಕಂಡೀತು? ತಿರುಗಿಸಿ ಇನ್ನೊಂದು ಪದರ ಹೊಡೆದು, ಬಾಗಿಲು ಹಾಕಿಕೊಂಡು ಒಳಗೆ ಹೋಗಿ ಟೀ ಮಾಡಿಕೊಂಡು ಕುಡಿದ.

ತಿರುಗಿ ಬಂದು ಕನ್ನಡಕ ಹಾಕಿಕೊಂಡು ನೋಡಿದಾಗ ಟೋಪಿಗಳು ಕಪ್ಪಾಗಿರಲಿಲ್ಲ. ಬೂದಿ ಬಣ್ಣಕ್ಕೆ ತಿರುಗಿದ್ದವು. ಕೆಂಪು ತೋಳುಪಟ್ಟಿ ಹಿಟ್ಟು ಮೆತ್ತಿಕೊಂಡಂತೆ ಮಾಸಿತ್ತು. ಮುಖಗಳಿದ್ದ ಕಡೆ ಬಿಳಿ ಬೂಷ್ಟು. ಯಾರಿಗೂ ಕಣ್ಣಿಲ್ಲ.

“ಅಯ್ಯೋ ದೇವರೇ” ಎಂದ ನೆವಿಲ್. ಶೆಡ್ಡಿನಲ್ಲಿ ಕೇಳುವವರು ಯಾರೂ ಇರಲಿಲ್ಲ. “ಅಯ್ಯೋ ದೇವರೇ, ಏನು ಮಾಡಿಬಿಟ್ಟೆ!”

ಕ್ಲಬ್ಬಿನ ಕಾರ್ಯದರ್ಶಿ ಟ್ರೆವರನಿಗೆ ಫೋನು ಮಾಡಿದ. ನಿಜ ಹೇಳಲು ನಾಲಿಗೆ ಬರಲಿಲ್ಲ.

“ಯಾರೋ ಒಬ್ಬ ಕೇಳ್ತಿದ್ದ ಟ್ರೆವರ್, ವಾರ್ನಿಷ್ ಬಿಳಿ ಆಗಿಬಿಟ್ರೆ ಏನ್ಮಾಡ್ಬೇಕು ಅಂತ.”

“ಈ ಮಳೇಲಿ ಹೊಡೆದ್ನಾ? ಯಾವನಪ್ಪ ಆ ಮಹಾನುಭಾವ, ಹೆಸರು ಹೇಳು, ನೋಟೀಸ್ ಬೋರ್ಡಲ್ಲಿ ಹಾಕಣ.” ಟ್ರೆವರ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಆಲಿವ್ ಎಣ್ಣೆ ಸವರಕ್ಕೆ ಹೇಳು. ಅದಕ್ಕೂ ಬಗ್ಗದಿದ್ರೆ ಕಣ್ಣೀರು ಸುರಿಸಕ್ಕೆ ಹೇಳು.”

ಎಣ್ಣೆ ಕೆಲಸ ಮಾಡಿತು. ಸವರಿದ ಕಡೆ ಕಪ್ಪು ಕಪ್ಪಾಗಿ, ಕೆಂಪು ಕೆಂಪಾಗಿ ಮರಳಿ ಬಂತು. ನೆವಿಲನಿಗೆ ಜೀವ ಬಂದಂತಾಯಿತು. ಆದರೆ ಮುಖಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹುಬ್ಬಿನ ಕೆಳಗಿನ ಗುಳಿಯಲ್ಲಿ, ಮೂಗಿನ ಸಂದಿಯಲ್ಲಿ ಬಿಳಿ ಹಾಗೇ ಕೂತಿತ್ತು. ಆಗ ಅವನು ತನ್ನ ಸಿಪಾಯಿಗಳಿಗೆ ಹಿಂದೊಮ್ಮೆ ಮಾಡಿದ್ದನ್ನೇ ಮಾಡಿದ. ಟರ್ಪೆಂಟೈನಿನಲ್ಲಿ ಕುಂಚ ಅದ್ದಿ ಎಲ್ಲರ ಮುಖಕ್ಕೂ ಒಂದೊಂದು ಹನಿ ಮುಟ್ಟಿಸಿ, ನೆನೆಯಲಿ ಎಂದು ಬಿಟ್ಟ.

ನೆವಿಲನ ಬಣ್ಣ ನೀರಿನ ಬಣ್ಣ. ಒಮ್ಮೆ ಒಣಗಿದರೆ ಟರ್ಪೆಂಟೈನ್ ಅದರ ಕೂದಲನ್ನೂ ಕೊಂಕಿಸಲಾರದು. ಸೆಲ್ವಿನ್ ಬರೆಯುತ್ತಿದ್ದದ್ದು ಹಳೇ ಎಣ್ಣೆಬಣ್ಣದಲ್ಲಿ. ಆ ವಾಸನೆಗೆ ಮ್ಯೂರಿಯಲ್ ಅವನನ್ನು ಎಷ್ಟು ಸಲ ಅಡುಗೆಮನೆಯಿಂದ ಓಡಿಸಿರಲಿಲ್ಲ! ನೆವಿಲನಿಗೆ ಇದೆಲ್ಲ ಗೊತ್ತು. ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ, ಅಷ್ಟೇ. ಹತ್ತಿಯಲ್ಲಿ ಮೊದಲನೆಯವನ ಮುಖ ಒರೆಸಿದ. ಬಿಳಿ ಹೋಯಿತು. ಜೊತೆಗೆ ಮುಖವೂ ಹತ್ತಿಗೆ ಬಂತು. ಕೆಳಗೆ ಬೆತ್ತಲೆ ಸೀಸ. ಗಾಬರಿಯಾಗಿ ಎರಡನೆಯವನನ್ನು ಮೆತ್ತಗೆ, ಮಗುವಿನ ಬಾಯಿ ಒರೆಸಿದ ಹಾಗೆ ಒರೆಸಿದ. ಅವನ ಮುಖವೂ ಬಂತು. ಮಿಕ್ಕವರ ಮುಖಗಳು ಆಗಲೇ ಕರಗಿ ಗದ್ದದ ಮೇಲೆ ಇಳಿಯುತ್ತಿದ್ದವು.

ನೆವಿಲ್ ಸ್ಟೂಲಿನ ಮೇಲೆ ಕುಸಿದ. ಇನ್ನೆಂದೂ ಆಡದ ಕೈ ಕೊನೆಯದಾಗಿ ಬರೆದ ಕಣ್ಣುಗಳನ್ನು ಅವನು ಒರೆಸಿಹಾಕಿದ್ದ. ಅದರಲ್ಲಿ ಯಾವುದೋ ಒಂದು ಜೋಡಿ ತನಗಾಗಿಯೇ ಬರೆದದ್ದು. ಅದನ್ನು ಅವನು ನೋಡಲೂ ಇಲ್ಲ. ನೋಡಬಾರದು ಅಂತ ಕನ್ನಡಕ ತೆಗೆದಿಟ್ಟಿದ್ದ ಪುಣ್ಯಾತ್ಮ!

ಮ್ಯೂರಿಯಲ್‌ಗೆ ಹೇಳಿಬಿಡೋಣ ಎಂದು ಕೋಟು ಹಾಕಿಕೊಂಡು ಬೀದಿಯ ತುದಿಯವರೆಗೆ ಹೋದ. ಅವಳ ಮನೆಯ ಮುಂದೆ ಗಾಲಿಕುರ್ಚಿಗೆ ಅಂತ ಹಲಗೆಯ ಇಳಿಜಾರು ಹಾಕಿಸುತ್ತಿದ್ದಳು. ಬಡಗಿಗೆ “ಶನಿವಾರದೊಳಗೆ ಆಗ್ಲೇಬೇಕು ಕಣಯ್ಯ, ಮನೆಗೆ ಬಂದೇ ಆಟಕ್ಕೆ ಹೋಗೋದು, ಅವನ ಸೈನ್ಯ ಇದೆ ಅವತ್ತು” ಅನ್ನುತ್ತಿದ್ದುದು ಕೇಳಿಸಿತು. ನೆವಿಲ್ ಅಲ್ಲಿಂದಲೇ ತಿರುಗಿದ.

ಶುಕ್ರವಾರ ಬೆಳಗಾಗುತ್ತಲೇ ಕಿಟಕಿಯ ಹತ್ತಿರ ಕೂತು ಕಣ್ಣು ಬರೆಯಲು ಶುರುಮಾಡಿದ. ಯಾವತ್ತೂ ಕಣ್ಣು ಬರೆಯದ ಕೈ. ಮೊದಲಿನವರು ಭೂತ ಕಂಡವರಂತೆ ಬಿಟ್ಟಕಣ್ಣು ಬಿಟ್ಟುಕೊಂಡು ನಿಂತರು. ಅಳಿಸಿದ, ಮತ್ತೆ ಬರೆದ. ಸೆಲ್ವಿನ್‌ನ ಹಳೇ ಪಟಾಲಮ್ಮೊಂದರ ಫೋಟೋ ಎದುರಿಗಿಟ್ಟುಕೊಂಡು, ಗಲ್ಲದ ಕೆಂಪು ಅವನ ಥರವೇ, ತುಟಿಯ ಗೆರೆ ಅವನ ಥರವೇ ಎಂದು ನಕಲು ಹೊಡೆದ. ಕತ್ತು ಹಿಡಿಯಿತು, ಕಣ್ಣಲ್ಲಿ ನೀರು ಸುರಿಯಿತು. ಬೆಳಕಿಗೆ ಸುರಿಯಿತೋ ಇನ್ನೇತಕ್ಕೋ, ಕೇಳಬೇಡಿ. ಮೆಳ್ಳೆಗಣ್ಣನ ಸರದಿ ಬಂದಾಗ ಯೋಚಿಸಿದ. ಸೆಲ್ವಿನ್ ತನ್ನನ್ನು ಎಲ್ಲಿ ನಿಲ್ಲಿಸುತ್ತಿದ್ದ? ಬಾಲದಲ್ಲಿ, ಇನ್ನೆಲ್ಲಿ! ಹಿಂದಿನ ಸಾಲಿನ ಎಡತುದಿಯವನಿಗೆ ಒಂದು ಕಣ್ಣು ಮೂಗಿಗೆ, ಒಂದು ಆಚೆಗೆ ಬರೆದ. ಕುದುರೆಯ ಮೇಲಿನ ಕರ್ನಲ್‌ನದು ಕೊನೆಯದು. ಅಷ್ಟು ಹೊತ್ತಿಗೆ ಕೈ ಪಳಗಿತ್ತು. ಅವನ ಕಣ್ಣು ನೆಟ್ಟಗೆ, ಗಂಭೀರವಾಗಿ, ಎಲ್ಲಕ್ಕಿಂತ ಚೆನ್ನಾಗಿ ಬಂತು. ಕೊನೆಗೆ ಸೆಲ್ವಿನ್‌ನ ಡಬ್ಬಿ ತೆಗೆದು ಸೆಲ್ವಿನ್‌ನ ಕುಂಚದಲ್ಲಿ ಆ ಹೊಳಪಿನ ವಾರ್ನಿಷ್ಷನ್ನೇ ಬಳಿದ. ಈಗ ಬುದ್ಧಿ ಬಂದು ಏನು ಬಂತು!

ಶನಿವಾರ ಮೆಥಡಿಸ್ಟ್ ಚರ್ಚಿನ ಸಭಾಂಗಣದಲ್ಲಿ ಹಸಿರು ಬಟ್ಟೆ ಹಾಸಿದ ಮೇಜು ಗೋಡೆಯಿಂದ ಗೋಡೆಗೆ. ಪ್ರತಿ ವರ್ಷ ಹಂದಿಮಾಂಸ ತುಂಬಿ ಬೇಯಿಸಿದ ಪೈ ತರುತ್ತಿದ್ದವನು ಸೆಲ್ವಿನ್. ಈ ಸಲ ಟ್ರೆವರ್ ಬೇರೆ ಅಂಗಡಿಯದು ತಂದಿದ್ದ, ಯಾರೂ ಹೆಚ್ಚು ತಿನ್ನಲಿಲ್ಲ. ಮ್ಯೂರಿಯಲ್ ಗಾಲಿಕುರ್ಚಿ ತಳ್ಳಿಕೊಂಡು ಒಳಗೆ ಬಂದಾಗ ಎಲ್ಲರೂ ದಾಳ ಕೆಳಗಿಟ್ಟರು. ಸೆಲ್ವಿನ್ ಅರ್ಧ ಆಗಿದ್ದ. ಮುಖದ ಒಂದು ಭಾಗ ಜೋತುಬಿದ್ದಿತ್ತು. ಟ್ರೆವರ್, “ಏನಪ್ಪ ಕಟುಕಾ, ಆಸ್ಪತ್ರೆ ಊಟ ಚೆನ್ನಾಗಿ ಮೈಗೆ ಹತ್ತಿದೆಯಲ್ಲ” ಎಂದ.

“ಮುಂಡೇದೇ” ಎಂದ ಸೆಲ್ವಿನ್, ಸ್ಪಷ್ಟವಾಗಿ. ಇಡೀ ಸಭೆಯೇ ನಕ್ಕಿತು.

ನೆವಿಲ್ ಪೆಟ್ಟಿಗೆಯಿಂದ ಬಿಳಿ ಕೋಟಿನವರನ್ನು ಒಬ್ಬೊಬ್ಬರಾಗಿ ತೆಗೆದು ಸೆಲ್ವಿನ್‌ನ ಎದುರಿಗೆ ಸಾಲುಗಟ್ಟಿಸಿದ. ಸೆಲ್ವಿನ್ ತಲೆ ವಾಲಿಸಿಕೊಂಡು ನೋಡಿದ. ಎಷ್ಟು ಕಂಡಿತೋ, ಹೊಳಪು ಮಾತ್ರ ಕಂಡಿರಬೇಕು. ಬಾಯಿಯ ಒಂದು ಕೊನೆ ಮೇಲೆ ಹೋಯಿತು. ಆಮೇಲೆ ಎಡಗೈ ಎತ್ತಿ ನೆವಿಲನ ಕಡೆ ಬೆರಳು ಆಡಿಸಿದ. ಹುಡುಕು, ಹುಡುಕು.

ನೆವಿಲ್ ಬಗ್ಗಿದ. ಹುಡುಕುವ ನಾಟಕ ಮಾಡಿದ. ಬಾವುಟದವನನ್ನು ನೋಡಿದ, ತಮಟೆಯವನನ್ನು ನೋಡಿದ, ಕೊನೆಗೆ ಹಿಂದಿನ ಸಾಲಿನ ಎಡತುದಿಯವನನ್ನು ಎತ್ತಿ ಹಿಡಿದ. “ಸಿಕ್ಕಿಬಿದ್ದ! ಮತ್ತೆ ಬಾಲಕ್ಕೇ ಹಾಕಿದ್ಯಲ್ಲೋ ಪಾಪಿ!”

ಸೆಲ್ವಿನ್ ತಲೆಯಾಡಿಸಿದ. “ಬೇಡ.”

“ಇವನೇ ಅಲ್ವೇನೋ? ನೋಡು, ಕಣ್ಣು ಹೆಂಗಿದೆ.”

“ಬೇಡ, ಬೇಡ, ಬೇಡ.” ಎಡಗೈ ಮೇಜಿನ ಮೇಲೆ ತಡವುತ್ತಾ, ಇಬ್ಬರನ್ನು ಉರುಳಿಸಿಕೊಂಡು, ಸಾಲಿನ ಮುಂದಕ್ಕೆ ಹೋಯಿತು. ಕುದುರೆ ಸಿಕ್ಕಿತು. ಅದನ್ನೆತ್ತಿಕೊಂಡ. ಕರ್ನಲ್‌ನ ಟೋಪಿಯನ್ನು ಹೆಬ್ಬೆರಳಲ್ಲಿ ಒತ್ತಿದ, ಆಮೇಲೆ ಅದೇ ಕೈಯಿಂದ ನೆವಿಲನ ಎದೆಗೆ ಕುಟ್ಟಿದ. ಮತ್ತೆ ಕರ್ನಲ್, ಮತ್ತೆ ಎದೆ. ಕುರ್ಚಿಯಲ್ಲೇ ಕುಲುಕಾಡಿ ನಗತೊಡಗಿದ. ಸದ್ದು ಗೊರಗೊರ ಅನ್ನುತ್ತಿತ್ತು, ಆದರೂ ನಗೆಯೇ.

“ಓಹೋಹೋ!” ಎಂದ ಟ್ರೆವರ್. “ಬಡ್ತಿ ಕೊಟ್ಟಿದಾನೆ ಕಣೋ ನಿನಗೆ! ಇಷ್ಟು ವರ್ಷಕ್ಕೆ ಕರ್ನಲ್ ಆದೆ ನೋಡು, ಕುದುರೆ ಬೇರೆ! ಎಲ್ಲಿ, ಎಲ್ಲಿ, ಮೆಳ್ಳೆಗಣ್ಣು ಹೆಂಗೆ ಬರ್ದಿದಾನೆ ನೋಡಣ.” ಕೈಗೆ ತೆಗೆದುಕೊಂಡು ಕನ್ನಡಕದ ಹತ್ತಿರ ಹಿಡಿದ. “ಇದೇನು, ಇವನ ಕಣ್ಣು ನೆಟ್ಟಗೇ...”

ನೆವಿಲ್ ಅವನ ಕಾಲು ತುಳಿದ. ಟ್ರೆವರ್ ನೆವಿಲನ ಮುಖ ನೋಡಿದ. ಗುರುವಾರದ ಫೋನು ಅವನ ತಲೆಗೆ ಬಂದಿರಬೇಕು. ಬಾಯಿ ಮುಚ್ಚಿಕೊಂಡು ಕರ್ನಲ್‌ನನ್ನು ನೆವಿಲನ ಕೈಗಿಟ್ಟು, ಪೈ ತಟ್ಟೆಯ ಕಡೆ ಹೋಗಿಬಿಟ್ಟ.

ಸೆಲ್ವಿನ್ ಕಾಯುತ್ತಿದ್ದ. ಮ್ಯೂರಿಯಲ್ ಕುರ್ಚಿಯ ಹಿಂದೆ ನಿಂತು, ಫೆಬ್ರವರಿಯಿಂದ ಮೊದಲ ಸಲ ಗಂಡನ ನಗು ಕೇಳಿ ಕರವಸ್ತ್ರ ಹುಡುಕುತ್ತಿದ್ದಳು. ಹೇಳಿಬಿಡಬೇಕು ಎಂದು ನೆವಿಲ್ ಬಾಯಿ ತೆರೆದ. ನಾನು ಒರೆಸಿಹಾಕಿದೆ ಕಣೋ, ನೀನು ಬರೆದದ್ದನ್ನ ನಾನು ನೋಡ್ಲೇ ಇಲ್ಲ. ಯಾರಿಗೆ ಹೇಳುವುದು? ಆ ಜೋತುಬಿದ್ದ, ಅರ್ಧ ನಗುವ ಮುಖಕ್ಕೆ? ಕರ್ನಲ್ ಅವನ ಅಂಗೈಯಲ್ಲಿ ಗಂಭೀರವಾಗಿ ಎದುರಿಗೆ ನೋಡುತ್ತಿದ್ದ.

“ಲೇ ಕಟುಕಾ” ಎಂದ ನೆವಿಲ್. “ಕುದುರೆ ಮೇಲೆ ಕೂರಿಸಿ ಮೆಳ್ಳೆಗಣ್ಣು ಮಾಡ್ತೀಯೇನೋ? ನಿನ್ನ ಕಣ್ಣು ಕಿತ್ತು ಕೈಗೆ ಕೊಡ್ತೀನಿ ನೋಡು! ಥೂ, ಹಾಳಾದವನೇ!”

“ಮುಂಡೇದೇ!” ಎಂದು ಸೆಲ್ವಿನ್ ಕೇಕೆ ಹಾಕಿದ. ಅವನ ಕಣ್ಣಲ್ಲಿ ನೀರು ಬಂತು.

ಹೊಸ ಪಟಾಲಮ್ಮು ಮೊದಲ ಆಟದಲ್ಲಿ ಓಡಿಹೋಗುವುದು ನಮ್ಮಲ್ಲಿ ಮಾಮೂಲು. ಇದೂ ಮೊದಲ ಗುಂಡಿಗೇ ದಾಳ ಕೈಕೊಟ್ಟು ಪರಾರಿಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಸೆಲ್ವಿನ್‌ಗೆ ಸುಸ್ತಾಯಿತು. ಹೊರಡುವಾಗ ಸಿಪಾಯಿಗಳೆಲ್ಲ ಪೆಟ್ಟಿಗೆಗೆ ಹೋದರು, ಕರ್ನಲ್ ಮಾತ್ರ ಹೋಗಲಿಲ್ಲ. ಸೆಲ್ವಿನ್ ಅವನನ್ನು ನೆವಿಲನ ಕೋಟಿನ ಜೇಬಿಗೆ ತುರುಕಿದ. ನೆವಿಲ್ ತೆಗೆದುಕೊಡಲು ಹೋದರೆ “ಬೇಡ” ಎಂದು ಗದರಿದ.

ಆ ಕರ್ನಲ್ ಈಗ ನೆವಿಲನ ಕಿಟಕಿಯಲ್ಲಿದ್ದಾನೆ. ಮತ್ತೆ ಮೆಳ್ಳೆಗಣ್ಣು ಬರೆದುಬಿಡೋಣ ಎಂದು ನೆವಿಲ್ ಕುಂಚ ಹಿಡಿದು ಎಷ್ಟೋ ಸಲ ಕೂತ. ಯಾವ ಥರ? ಎರಡೂ ಮೂಗಿಗೋ? ಎಡದ್ದು ಆಕಾಶಕ್ಕೋ, ಬಲದ್ದೋ? ಕರ್ನಲ್ ಪದವಿಗೆ ಅಂತ ಬೇರೇನಾದರೂ ಹೊಸದು ಹುಡುಕಿದ್ದನೋ? ಮ್ಯೂರಿಯಲ್‌ಗೆ ಗೊತ್ತಿಲ್ಲ. ಗೊತ್ತಿರುವವನು ಬಸ್ಸಿನಲ್ಲಿ ಹೋದರೆ ಮೂರನೇ ಸ್ಟಾಪಿನಲ್ಲಿ ಇಳಿಯುವಷ್ಟು ಹತ್ತಿರದಲ್ಲಿ, ಆಸ್ಪತ್ರೆಯ ಕಿಟಕಿಯ ಪಕ್ಕ ಮಲಗಿದ್ದಾನೆ. ಅವನನ್ನು ಕೇಳುವಂತಿಲ್ಲ. ಕೇಳಿದರೂ ಅವನು ಹೇಳಲಾರ.

ಪ್ರತಿ ಮಂಗಳವಾರ ನೆವಿಲ್ ಕರ್ನಲ್‌ನನ್ನು ಜೇಬಿಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಾನೆ, ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡು. ಸೆಲ್ವಿನ್ ಅವನನ್ನು ಕಂಡ ಕೂಡಲೇ ಅವನ ಜೇಬು ತಟ್ಟುತ್ತಾನೆ, ಆಮೇಲೆ ಅವನ ಎದೆ ಕುಟ್ಟುತ್ತಾನೆ, ಆಮೇಲೆ ಬೈಗುಳಕ್ಕೆ ಕಿವಿ ನಿಮಿರಿಸಿಕೊಂಡು ಕಾಯುತ್ತಾನೆ. ನೆವಿಲ್ ಬೈಯುತ್ತಾನೆ.